ಪಾಪಿ ಅನ್ನೋದು ಬೈಗುಳ ಅಲ್ಲ

"ನಿಮ್ ಚರ್ಚಲ್ಲಿ ಯಾವಾಗ್ ನೋಡಿದ್ರೂ ಪಾಪ ಪಾಪ ಅಂತಾರಲ್ಲ ಮಾರಾಯ, ನಿನ್ನೆ ಮೊನ್ನೆ ಹುಟ್ಟಿದ ಮಗುಗೂ ಪಾಪ ಇದೆ ಅಂದ್ರೆ ಅದೆಂಥ ಧರ್ಮ?" ಅಂತ ಇಲ್ಲಿ ವಿರಾಜಪೇಟೆಲಿ ಫ್ರೆಂಡ್ಸ್ ಕೇಳ್ತಾನೇ ಇರ್ತಾರೆ. ಕೇಳೋದ್ರಲ್ಲಿ ತಪ್ಪಿಲ್ಲ, ನಮ್ಮವರಿಗೇ ಎಷ್ಟೋ ಜನಕ್ಕೆ ಅದು ಸರಿಯಾಗಿ ಗೊತ್ತಿಲ್ಲ, ಅದಕ್ಕೇ ಬರೀತಿದೀನಿ.

ಜನ್ಮಪಾಪ ಅಂದ್ರೆ ಆ ಮಗು ಏನೋ ತಪ್ಪು ಮಾಡಿ ಹುಟ್ಟಿದೆ ಅಂತ ಅಲ್ಲ. ಮನುಷ್ಯನನ್ನ ದೇವರು ತನ್ನ ಹೋಲಿಕೆಯಲ್ಲೇ ಸೃಷ್ಟಿ ಮಾಡಿದ, ಮೊದಲ ಮನುಷ್ಯರಾದ ಆದಾಮ ಏವೆ ದೇವರ ಮಾತು ಮೀರಿದ್ದರಿಂದ ಆ ಸ್ವಭಾವಕ್ಕೆ ಗಾಯ ಆಗಿದೆ, ಆದ್ರೆ ಪೂರ್ತಿ ಕೆಟ್ಟುಹೋಗಿಲ್ಲ, ಇದು ಕಥೋಲಿಕ ಬೋಧನೆ. ಜ್ಞಾನಸ್ನಾನ (ಬ್ಯಾಪ್ಟಿಸಂ) ಆದ್ಮೇಲೂ ಕೆಟ್ಟದ್ದರ ಕಡೆಗಿನ ಸೆಳೆತ ಉಳಿದೇ ಇರುತ್ತೆ, ಸಾಯೋವರೆಗೂ ಅದರ ಜೊತೆ ಹೋರಾಡ್ಬೇಕು ಅಂತ 1546ರಲ್ಲೇ ಕಥೋಲಿಕ ಬಿಷಪ್‌ಗಳ ತ್ರೆಂತ್ ಮಹಾಸಭೆ ಹೇಳಿದೆ. ಪ್ರೊಟೆಸ್ಟೆಂಟ್‌ನವರು ಇದನ್ನೇ ಇನ್ನೂ ಖಡಕ್ಕಾಗಿ ಹೇಳ್ತಾರೆ, ಆ ಚರ್ಚೆ ಈಗ ಬೇಡ.

ನನ್ನನ್ನ ಯಾವಾಗ್ಲೂ ತಡೆದು ನಿಲ್ಲಿಸೋದು ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದ ನಾಲ್ಕನೇ ಅಧ್ಯಾಯ. ಆದಾಮ ಏವೆ ಏದೆನ್ ತೋಟ ಬಿಟ್ಟು ಆಚೆ ಬಂದ್ರು, ಮಕ್ಕಳಾದ್ರು, ಅಷ್ಟೇ, ನೆಕ್ಸ್ಟ್ ಆಗೋದೇ ಕೊಲೆ. ಎಲ್ಲಿಂದಲೋ ದರೋಡೆಕೋರ ಬಂದು ಕೊಲ್ಲಲ್ಲ, ಸ್ವಂತ ಅಣ್ಣ ಕಾಯಿನನೇ ತಮ್ಮ ಹೇಬೆಲನನ್ನ ಹೊಲಕ್ಕೆ ಕರ್ಕೊಂಡು ಹೋಗಿ ಕೊಲ್ತಾನೆ. ಕೊಡಗಲ್ಲಿ ಇರೋರಿಗೆ ಇದನ್ನ ಬಿಡಿಸಿ ಹೇಳೋ ಅಗತ್ಯ ಇದ್ಯಾ? ಬೇಲಿ ಆಚೆ ಈಚೆ ಆಯ್ತು, ಪಾಲು ಸರಿ ಇಲ್ಲ ಅಂತ ಒಂದೇ ತಾಯಿ ಮಕ್ಕಳು ಕೈ ಕೈ ಮಿಲಾಯಿಸೋದು, ಆಮೇಲೆ ಕೋವಿ ಹೊರಗೆ ಬರೋದು, ಪೇಪರಲ್ಲಿ ಓದ್ತಾನೇ ಇರ್ತೀವಿ. ಹಾಗಂತ ಕೋವಿದು ತಪ್ಪು ಅಂತ ನಾನು ಹೇಳಲ್ಲ, ಕೊಡವರ ಆಯುಧಪೂಜೆ ಹಬ್ಬ ಕೈಲ್ ಪೊಳ್ದ್ ದಿನ ಹೂವಿಟ್ಟು ಗೌರವದಿಂದ ಪೂಜೆ ಮಾಡೋ ವಸ್ತು ಅದು. ಮನುಷ್ಯನನ್ನ ಕೆಡಿಸೋದು ಹೊರಗಿಂದ ಬರಲ್ಲ, ಕೊಲೆ ಕಳ್ಳತನ ಎಲ್ಲ ಹೃದಯದ ಒಳಗಿಂದಾನೇ ಹೊರಡುತ್ತೆ ಅಂತ ಯೇಸು ಹೇಳಿದ್ದು ಇದನ್ನೇ.

ಕಾಫಿ ರೇಟ್ ಏರಿದ್ಮೇಲೆ ತೋಟದಲ್ಲಿ ಕಳ್ಳತನ ಜಾಸ್ತಿ ಆಗಿದೆ, ನಿಜ. ಕುಯಿಲಿನ ಟೈಮಲ್ಲಿ ನಮ್ಮ ಕಡೆ ಒಂದು ತೋಟದಲ್ಲಿ ಒಬ್ಬ ಹುಡುಗ ಸಿಕ್ಕಿಬಿದ್ದ, ಅರ್ಧ ಚೀಲ ಹಣ್ಣು ಅವನ ಕಾಲ ಹತ್ರಾನೇ ಬಿದ್ದಿತ್ತು. ಸಿಲ್ವರ್ ಓಕ್ ಮರಕ್ಕೆ ಕೈ ಹಿಂದೆ ಮಾಡಿ ಕಟ್ಟಿದ್ರು. ಮೊದ್ಲು ತೋಟದ ಕೆಲಸ ನೋಡ್ಕೊಳ್ಳೋ ರೈಟರ್ ಒಂದು ಹೊಡೆದ, ಹೊಡೆದು ಸುತ್ತ ಒಂದ್ಸಲ ನೋಡ್ದ, ಯಾರೂ ಬೇಡ ಅನ್ಲಿಲ್ಲ. ಆಮೇಲೆ ಕಣದಲ್ಲಿ ಕೆಲಸ ಮಾಡ್ತಿದ್ದವನು ಕೈ ಒರೆಸ್ಕೊಂಡು ಬಂದು ಹೊಡೆದ, ಆಮೇಲೆ ರಸ್ತೇಲಿ ಹೋಗ್ತಿದ್ದವನು ಬೈಕ್ ನಿಲ್ಸಿ ಬಂದ, ಅವನಿಗೆ ತೋಟಾನೂ ಇಲ್ಲ ಕಾಫಿನೂ ಇಲ್ಲ. ಇಬ್ರು ವೀಡಿಯೊ ಮಾಡ್ತಿದ್ರು. ಪೊಲೀಸರು ಬರೋ ಹೊತ್ತಿಗೆ ಹುಡುಗನ ಒಂದು ಕಣ್ಣು ಮುಚ್ಚೇ ಹೋಗಿತ್ತು. ಅಲ್ಲಿದ್ದವರಲ್ಲಿ ಯಾರೂ ರಾಕ್ಷಸರಲ್ಲ ಸ್ವಾಮಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಅಕ್ಕಿ ಕಂಬಳಿ ಹೊತ್ಕೊಂಡು ಪರಿಹಾರ ಕೇಂದ್ರಗಳಿಗೆ ಓಡಾಡಿದವರೂ ಅವರಲ್ಲಿ ಇದ್ರು.

ಸಂತ ಅಗಸ್ಟೀನ್ ಹದಿನಾರನೇ ವಯಸ್ಸಲ್ಲಿ ಗೆಳೆಯರ ಜೊತೆ ಸೇರಿ ಪಕ್ಕದವರ ಪಿಯರ್ ಹಣ್ಣು ಕದ್ದಿದ್ದನ್ನ ದೊಡ್ಡವನಾದ್ಮೇಲೆ ಬರೆದಿದ್ದಾನೆ. ಹಸಿವಿರಲಿಲ್ಲ, ಹೆಚ್ಚಿನದನ್ನ ಹಂದಿಗೆ ಎಸೆದ್ರು. ಅವನನ್ನ ಕಾಡಿದ್ದು ಏನು ಅಂದ್ರೆ, ಒಬ್ಬನೇ ಇದ್ದಿದ್ರೆ ನಾನು ಅದನ್ನ ಮಾಡ್ತಾನೇ ಇರ್ಲಿಲ್ಲ ಅನ್ನೋದು. ಆ ಸಿಲ್ವರ್ ಓಕ್ ಮರದ ಹತ್ರ ನನಗೆ ಕಂಡಿದ್ದು ಇದೇ, ಗುಂಪು ಸೇರಿದ್ರೆ ತಪ್ಪಿಗೇ ಒಂದು ರುಚಿ ಬಂದ್ಬಿಡುತ್ತೆ.

"ಹಂಗಾದ್ರೆ ಚರ್ಚಿಗೆ ಹೋಗೋರು ಒಳ್ಳೆಯವರಾ?" ಅಂದ್ರೆ, ಅಲ್ಲ, ಅದನ್ನೂ ಹೇಳ್ಬೇಕು. 1994ರಲ್ಲಿ ನರಮೇಧ ನಡೆದ ಆಫ್ರಿಕಾದ ರುವಾಂಡ ನೋಡಿ, ಹೆಚ್ಚಿನವರು ಕ್ರೈಸ್ತರೇ ಇರೋ ದೇಶ, ನೂರು ದಿನದಲ್ಲಿ ಸುಮಾರು 8 ಲಕ್ಷ ಜನ ಸತ್ರು. ನ್ಯಾಮಾಟ, ಎನ್ಟರಾಮ ಅನ್ನೋ ಊರುಗಳಲ್ಲಿ ಜೀವ ಉಳಿಸ್ಕೊಳೋಕೆ ಚರ್ಚೊಳಗೆ ಸೇರ್ಕೊಂಡವರನ್ನ ಅಲ್ಲೇ ಕೊಂದ್ರು. ಎಷ್ಟೋ ಕಡೆ ಕೊಂದವರು ನೆರೆಹೊರೆಯವರೇ, ಒಂದೇ ಪೂಜೆಗೆ ಬರ್ತಿದ್ದವರೇ. 2000ದ ಮಾರ್ಚಲ್ಲಿ ಪೋಪ್ ಎರಡನೇ ಜಾನ್ ಪಾಲ್ ಕಥೋಲಿಕ ಚರ್ಚಿನ ಮಕ್ಕಳು ಶತಮಾನಗಳಿಂದ ಮಾಡಿದ ಪಾಪಗಳಿಗೆ ರೋಮಲ್ಲಿ ಬಹಿರಂಗವಾಗಿ ದೇವರ ಕ್ಷಮೆ ಕೇಳಿದ್ರು. ನಮ್ಮಲ್ಲಿ ಹಿಂಸೆ ಇಲ್ಲ, ಅದೆಲ್ಲ ಬೇರೆಯವರ ಬುದ್ಧಿ ಅಂತ ಎದೆ ಉಬ್ಬಿಸೋ ಕ್ರೈಸ್ತ ಇದ್ರೆ ಅವನು ಸ್ವಂತ ಧರ್ಮದ ಪಾಠಾನೇ ಮರೆತಿದ್ದಾನೆ.

ಇನ್ನೊಂದು ಮಾತು. "ಮನುಷ್ಯ ಅಂದ್ಮೇಲೆ ಇದೆಲ್ಲ ಇದ್ದದ್ದೇ ಬಿಡಿ" ಅಂತ ಜಾರಿಕೊಳ್ಳೋಕೆ ಈ ಬೋಧನೆ ಬಿಡಲ್ಲ. ಪಾಪ ಬಾಗಿಲಲ್ಲೇ ಹೊಂಚು ಹಾಕಿದೆ, ನೀನು ಅದನ್ನ ಹಿಡಿತದಲ್ಲಿ ಇಟ್ಕೋಬೇಕು ಅಂತ ದೇವರು ಕಾಯಿನನಿಗೆ ಹೇಳಿದ್ದು ಕೊಲೆಗೆ ಮುಂಚೆ. ಕೊಲೆ ಆದ್ಮೇಲೆ ಅವನನ್ನ ಊರು ಬಿಡಿಸ್ತಾನೆ, ಆದ್ರೆ ಕಂಡವರು ಕೊಲ್ಲದ ಹಾಗೆ ಒಂದು ಗುರುತೂ ಇಡ್ತಾನೆ. ಕೊಲೆಗಾರನಿಗೂ ರಕ್ಷಣೆ! ಅರ್ಧ ಚೀಲ ಕಾಫಿ ಕದ್ದವನಿಗೆ ನಾವು ಅಷ್ಟೂ ಕೊಡ್ಲಿಲ್ಲ.

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸು ಕಾಲದಲ್ಲಿ ಫಾದರ್‌ಗಳ ಹತ್ರ ನಂದೊಂದು ಕೋರಿಕೆ. ಮಾಂಸ ಬಿಡಿ, ಕುಡಿತ ಬಿಡಿ ಅಂತ ಹೇಳಿ, ಬೇಡ ಅನ್ನಲ್ಲ. ಆದ್ರೆ ಹೆಂಡತಿ ಮೇಲೆ ಕೈ ಮಾಡೋದು, ತೋಟದ ಲೈನ್ ಮನೆಗಳಲ್ಲಿರೋ ಆಳುಗಳನ್ನ ಬಾಯಿಗೆ ಬಂದ ಹಾಗೆ ಬೈಯೋದು, ಅಣ್ಣ ತಮ್ಮ ವರ್ಷಗಟ್ಟಲೆ ಮಾತು ಬಿಟ್ಟು ಒಂದೇ ಬೆಂಚಲ್ಲಿ ಕೂತು ಪರಮಪ್ರಸಾದ ತಗೊಳ್ಳೋದು, ಇದನ್ನೂ ಹೆಸರು ಹಿಡಿದು ಪ್ರಸಂಗದಲ್ಲಿ ಹೇಳಿ. ಕಾಣಿಕೆ ಅಲ್ಲೇ ಬಿಟ್ಟು ಮೊದ್ಲು ಹೋಗಿ ಸಹೋದರನ ಜೊತೆ ರಾಜಿಯಾಗು ಅಂತ ಬರೆದಿರೋದು ಬೈಬಲ್‌ನಲ್ಲಿ ಮತ್ತಾಯನ ಶುಭಸಂದೇಶದ ಐದನೇ ಅಧ್ಯಾಯದಲ್ಲೇ ಇದೆ, ಕೊಲೆ ಮತ್ತೆ ಸಿಟ್ಟಿನ ವಿಷಯ ಬಂದ ಕೂಡ್ಲೇ.