ಸಮುದಾಯಕ್ಕೆ ಅಂಕ ಹಾಕುವ ಮಾನದಂಡ ನ್ಯಾಯವಾಗಿರಲಿ

ಜಾಲತಾಣದ ವಿಳಾಸದಲ್ಲಿ ಕೊನೆಯ ಚುಕ್ಕೆಯ ನಂತರ ಬರುವ ಪದ ಯಾರ ಕೈಗೆ ಹೋಗಬೇಕೆಂಬುದನ್ನು ಐಕ್ಯಾನ್ ಸಂಸ್ಥೆ ತೀರ್ಮಾನಿಸುತ್ತದೆ. ಹೊಸ ಪದಗಳಿಗೆ ಅರ್ಜಿ ಕರೆದ 2012ರ ಸುತ್ತಿನಲ್ಲಿ ಒಂದೇ ಪದಕ್ಕೆ ಹಲವರು ಅರ್ಜಿ ಹಾಕಿ, ಅವರಲ್ಲಿ ಒಪ್ಪಂದವಾಗದಿದ್ದರೆ ಅದು ಹರಾಜಿಗೆ ಹೋಗುತ್ತಿತ್ತು. 2016ರಲ್ಲಿ ಡಾಟ್ ವೆಬ್ 13.5 ಕೋಟಿ ಡಾಲರಿಗೆ ಹರಾಜಾಯಿತು. ಅಷ್ಟು ಹಣ ಕೂಗಲಾರದ ಸಮುದಾಯಗಳಿಗೂ ತಮ್ಮ ಹೆಸರು ದಕ್ಕಬೇಕೆಂದು ಅದೇ ಸುತ್ತಿನಲ್ಲಿ ಆದ್ಯತಾ ಮೌಲ್ಯಮಾಪನವನ್ನು ತರಲಾಯಿತು. ಅದರಲ್ಲಿ ತೇರ್ಗಡೆಯಾದರೆ ಸಾಮಾನ್ಯ ಅರ್ಜಿದಾರರೆಲ್ಲರೂ ಸ್ಪರ್ಧೆಯಿಂದ ಹೊರಬೀಳುತ್ತಾರೆ. ಹೀಗಾಗಿ ಸಮುದಾಯದ ಮುಖವಾಡ ಹಾಕಿಕೊಂಡು ಬರುವ ವ್ಯಾಪಾರಿಗಳನ್ನು ತಡೆಯಲು ಪರೀಕ್ಷೆ ಕಠಿಣವಾಗಿರಲೇಬೇಕು ಎಂಬುದನ್ನು ನಾನು ಒಪ್ಪುತ್ತೇನೆ.

ನನ್ನ ತಕರಾರು ಇರುವುದು ಅಂಕ ಹಾಕುವ ಕ್ರಮದ ಬಗ್ಗೆ. ಸಮುದಾಯದ ಅಸ್ತಿತ್ವ, ಪದಕ್ಕೂ ಸಮುದಾಯಕ್ಕೂ ಇರುವ ಸಂಬಂಧ, ನೋಂದಣಿ ನೀತಿ, ಬೆಂಬಲ ಎಂಬ ನಾಲ್ಕು ಮಾನದಂಡಗಳಿಗೆ ಆ ಸುತ್ತಿನಲ್ಲಿ ತಲಾ 4ರಂತೆ ಒಟ್ಟು 16 ಅಂಕಗಳಿದ್ದವು. ತೇರ್ಗಡೆಗೆ 14 ಬೇಕಿತ್ತು. ಪದವು ಸಮುದಾಯವನ್ನು ಗುರುತಿಸುತ್ತದೆಯೇ ಎಂಬ ಪ್ರಶ್ನೆಗೆ ಸಿಗುತ್ತಿದ್ದುದು 3, 2 ಅಥವಾ ಸೊನ್ನೆ. 1 ಎಂಬುದೇ ಇರಲಿಲ್ಲ. ಇಲ್ಲಿ ಸೊನ್ನೆ ಬಂದರೆ ಪದದ ಅನನ್ಯತೆಗೆ ಮೀಸಲಾದ ಅಂಕವೂ ಕೈತಪ್ಪುತ್ತಿದ್ದುದರಿಂದ, ಉಳಿದೆಲ್ಲದರಲ್ಲೂ ಪೂರ್ಣ ಅಂಕ ಗಳಿಸಿದವರೂ 12ಕ್ಕೇ ನಿಲ್ಲುತ್ತಿದ್ದರು.

ಡಾಟ್ ಗೇ ಅರ್ಜಿಗೆ ಆದದ್ದು ಇದೇ. ತೃತೀಯ ಲಿಂಗಿಗಳು, ಅಂತರಲಿಂಗಿಗಳು ಮತ್ತು ಬೆಂಬಲಿಗರನ್ನೂ ಅರ್ಜಿದಾರರು ತಮ್ಮ ಸಮುದಾಯದೊಳಗೆ ಸೇರಿಸಿಕೊಂಡಿದ್ದರು. ಆ ಪದ ಇವರೆಲ್ಲರನ್ನೂ ಸೂಚಿಸುವುದಿಲ್ಲವೆಂದು ಮೌಲ್ಯಮಾಪಕರು ಸಂಬಂಧದ ಮಾನದಂಡಕ್ಕೆ ಸೊನ್ನೆ ಕೊಟ್ಟರು. ಎರಡನೆಯ ಬಾರಿ ಪರಿಶೀಲಿಸಿದಾಗಲೂ ಒಟ್ಟು ಅಂಕ 10ನ್ನು ದಾಟಲಿಲ್ಲ. ದಶಕಗಳಿಂದ ಒಟ್ಟಾಗಿ ಹೋರಾಡಿ ಬಂದ ಜನ ಯಾರನ್ನೂ ಹೊರಗಿಡಲಿಲ್ಲ ಎಂಬ ಕಾರಣಕ್ಕೇ ಸೋಲಬೇಕಾಗಿ ಬಂದದ್ದನ್ನು ನ್ಯಾಯವೆಂದು ಕರೆಯಲು ನನ್ನಿಂದಾಗದು. ಅದೇ ಪರೀಕ್ಷೆಯಲ್ಲಿ ಡಾಟ್ ಹೋಟೆಲ್ 15 ಅಂಕ ಪಡೆಯಿತು. ಸಂಘ, ಸದಸ್ಯತ್ವ, ಸ್ಪಷ್ಟ ವ್ಯಾಖ್ಯಾನ ಎಲ್ಲವೂ ಸಿದ್ಧವಾಗಿರುವ ಉದ್ಯಮಕ್ಕೆ ಈ ಅಳತೆಗೋಲು ಸಹಜವಾಗಿಯೇ ಒಗ್ಗುತ್ತದೆ. ಸದಸ್ಯತ್ವದ ಪಟ್ಟಿಯನ್ನೇ ಇಟ್ಟುಕೊಳ್ಳದ, ಗುರುತು ಹೊರಬಿದ್ದರೆ ಅಪಾಯಕ್ಕೆ ಸಿಲುಕುವ ಜನ ಅಂಥ ದಾಖಲೆಗಳನ್ನು ಎಲ್ಲಿಂದ ತರಬೇಕು? ಸಮುದಾಯವು 2007ರ ಸೆಪ್ಟೆಂಬರ್‌ಗೆ ಮೊದಲೇ ಸಕ್ರಿಯವಾಗಿರಬೇಕೆಂಬ ಷರತ್ತು ಬೇರೆ ಇತ್ತು.

ಆದ್ದರಿಂದ ಮುಂದಿನ ಸುತ್ತುಗಳಲ್ಲಿ ಪದದ ಸಂಬಂಧಕ್ಕೆ ಹಂತಹಂತವಾಗಿ ಅಂಕ ಸಿಗಬೇಕು. ನೋಂದಾಯಿತ ಸಂಘಟನೆಯಿಲ್ಲದ ಕಡೆ ಪ್ರಕಟಣೆಗಳು, ಸಮಾವೇಶಗಳು, ಜನರ ನಿತ್ಯದ ಪದಬಳಕೆ ಇವನ್ನೂ ಪುರಾವೆಯೆಂದು ಒಪ್ಪಬೇಕು. ಒಂದೇ ಒಂದು ಸಂಘಟನೆಯ ವಿರೋಧಕ್ಕೂ ಅಂಕ ಕಡಿಯುವ ಮೊದಲು ಅದು ಎಷ್ಟು ಜನರ ಪರವಾಗಿ ಮಾತನಾಡುತ್ತಿದೆ ಎಂಬುದನ್ನು ವಿಚಾರಿಸಿ, ಅರ್ಜಿದಾರರಿಗೆ ಉತ್ತರಿಸುವ ಅವಕಾಶ ಕೊಡಬೇಕು. ಸೊನ್ನೆ ಕೊಡುವ ಮುನ್ನ ಮೌಲ್ಯಮಾಪಕರು ಆ ಸಮುದಾಯವನ್ನು ಬಲ್ಲ ತಜ್ಞರ ಅಭಿಪ್ರಾಯವನ್ನು ಪಡೆದು, ತಮ್ಮ ಕಾರಣಗಳ ಜೊತೆಗೆ ಅದನ್ನೂ ಪ್ರಕಟಿಸುವುದು ಕಡ್ಡಾಯವಾಗಬೇಕು.