ಸುಣ್ಣಕ್ಕೆ ಬ್ರಹ್ಮಕಲಶದ ತಾರೀಕು ಗೊತ್ತಿಲ್ಲ

ಮೊನ್ನೆ ಬೆಂಗಳೂರಿನಿಂದ ಬಂದ ನೆಂಟರನ್ನು ಅನಂತಪುರಕ್ಕೆ ಕರೆದುಕೊಂಡು ಹೋಗಿದ್ದೆ. ಕಾಸರಗೋಡಿನ ಕುಂಬಳೆ ಹತ್ತಿರ, ಕೆರೆಯ ನಡುವೆ ದೇವಸ್ಥಾನ ಇದೆಯಲ್ಲ, ಅದೇ. ಅವರಿಗೆ ಬೇಕಿದ್ದದ್ದು ಮೊಸಳೆ. ಆ ಕೆರೆಯಲ್ಲಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಹೋಯಿತು, ಮರುವರ್ಷ ಇನ್ನೊಂದು ಕಾಣಿಸಿಕೊಂಡಿತು. ಆ ದಿನ ಅದು ತಲೆ ಎತ್ತಲೇ ಇಲ್ಲ. ನಾನು ಮಾತ್ರ ಸುಮ್ನೆ ಗುಡಿಯ ಬುಡ ನೋಡುತ್ತಾ ನಿಂತೆ. ಸುತ್ತ ನೀರು, ಮೇಲಿನಿಂದ ನಮ್ಮ ಆಟಿ ತಿಂಗಳ ಮಳೆ, ಆದರೂ ನಿಂತಿದೆ.

ಅಲ್ಲಿನ ಮೂರ್ತಿಯ ಕಥೆ ನನಗೆ ಭಾರಿ ಇಷ್ಟ. 1972ರಲ್ಲಿ ಕಡುಶರ್ಕರ ಪಾಕದ ಹಳೆಯ ಮೂರ್ತಿಗಳ ಜಾಗದಲ್ಲಿ ಪಂಚಲೋಹದ ಮೂರ್ತಿಗಳು ಬಂದವು. ಆಮೇಲೆ ಮತ್ತೆ ಹಳೆಯ ಪಾಕದಲ್ಲೇ ಮಾಡಿಸುವ ಕೆಲಸಕ್ಕೆ ಕೈ ಹಾಕಿದರು. ಮಣ್ಣು, ಮರದ ಅಂಟು, ಮೂಲಿಕೆ ಎಲ್ಲ ಸೇರಿಸಿ ಒಂದೊಂದೇ ಪದರ ಒಣಗಿಸುತ್ತಾ ಮಾಡುವ ಮೂರ್ತಿ ಅದು, ಅವಸರಕ್ಕೆ ಆಗುವುದಿಲ್ಲ. ಇಂಥ ಮೂರ್ತಿಗೆ ನೀರಿನ ಅಭಿಷೇಕವೂ ಇಲ್ಲ. ಕೆರೆಯ ನಡುವೆ ಕೂತ ದೇವರಿಗೆ ನೀರು ಆಗದು ನೋಡಿ!

ಇನ್ನು ನಮ್ಮೂರ ವಿಷಯ. ನಮ್ಮ ದೇವಸ್ಥಾನದ ಕೆರೆ ಬದಿಯಲ್ಲಿ ಒಂದು ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಮಂಟಪ ಇತ್ತು. ಇತ್ತು ಅಂದರೆ ಈಗಲೂ ಇದೆ, ಸಿಮೆಂಟಿನ ಒಳಗೆ. ಜೀರ್ಣೋದ್ಧಾರ ಮುಗಿಸಿ ಮಾಡುವ ಬ್ರಹ್ಮಕಲಶದ ಆಮಂತ್ರಣ ಪತ್ರಿಕೆ ಅಚ್ಚಾಗಿತ್ತು, ಇದ್ದದ್ದು ಮೂರೇ ತಿಂಗಳು, ಹಾಗಾಗಿ ಹಳೆಯ ಸುಣ್ಣದ ಗಾರೆ ಕೆತ್ತಿ ಸಿಮೆಂಟ್ ಮೆತ್ತಿ ಎಣ್ಣೆ ಪೈಂಟ್ ಹೊಡೆದು, ದಾನಿಗಳ ಹೆಸರಿಗೆ ಒಂದು ಗ್ರಾನೈಟ್ ಕಲ್ಲನ್ನೂ ನಿಲ್ಲಿಸಿ ಮುಗಿಸಿದರು. ಅದರಲ್ಲಿ ನನ್ನ ಹೆಸರೂ ಇದೆ ಮಾರಾಯ್ರೆ, ಸುಳ್ಳು ಯಾಕೆ ಹೇಳಲಿ.

ಎರಡು ಮಳೆಗಾಲ ಕಳೆಯಿತು. ಬುಡದಿಂದ ಸೊಂಟದ ಎತ್ತರದವರೆಗೆ ಪೈಂಟ್ ಬೊಬ್ಬೆ ಎದ್ದಿದೆ. ಮುಟ್ಟಿದರೆ ಬಿಳಿ ಪುಡಿ, ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಮುರಕಲ್ಲಿನ ಮೈ ತುಂಬಾ ತೂತು, ನೆಲದ ನೀರನ್ನು ಮೇಲಕ್ಕೆ ಹೀರುತ್ತದೆ. ಹೊರಗೆ ಸುಣ್ಣದ ಗಾರೆ ಇದ್ದರೆ ಆ ತೇವ ಬೇಸಿಗೆಯಲ್ಲಿ ಆರಿ ಹೋಗುತ್ತದೆ. ಸಿಮೆಂಟು, ಪೈಂಟು ದಾರಿ ಕಟ್ಟಿದರೆ ತೇವ ಒಳಗೇ ಉಳಿದು, ಅದರ ಜೊತೆ ಬಂದ ಉಪ್ಪು ಕಲ್ಲನ್ನೇ ತಿನ್ನುತ್ತದೆ. ಗಟ್ಟಿ ಅಂತ ಹಾಕಿದ್ದೇ ಹಾಳು ಮಾಡಿತು, ಅಲ್ವಾ?

ಊರಿನ ಹಿರಿಯ ಮೇಸ್ತ್ರಿಯೊಬ್ಬರನ್ನು ಕೇಳಿದೆ. ಮೊದಲು ಸಿಮೆಂಟ್ ಕೆತ್ತಿ ಒಂದು ಇಡೀ ಬೇಸಿಗೆ ಗೋಡೆಯನ್ನು ಹಾಗೇ ಬಿಡಬೇಕಂತೆ. ಆಮೇಲೆ ಮರುವಾಯಿ ಚಿಪ್ಪು ಸುಟ್ಟ ಸುಣ್ಣವನ್ನು ನೀರಲ್ಲಿ ಕೊಳೆಹಾಕಿ, ಹೊಯ್ಗೆ (ಮರಳು), ಬೆಲ್ಲದ ನೀರು ಸೇರಿಸಿ ಅರೆದು, ತೆಳುವಾಗಿ ಒಂದೊಂದೇ ಕೈ ಎಳೆಯಬೇಕು. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ, ಅದಕ್ಕೆ ತಿಂಗಳುಗಟ್ಟಲೆ ಬೇಕು. ನಮ್ಮ ಜೀರ್ಣೋದ್ಧಾರ ಸಮಿತಿಗಳಿಗೆ ದುಡ್ಡಿನ ಬಡತನಕ್ಕಿಂತ ಜಾಸ್ತಿ ಇರುವುದು ದಿನಗಳ ಬಡತನ. ತಾರೀಕು ಮೊದಲು, ಕೆಲಸ ಆಮೇಲೆ.

ಈಗ ಮಂಟಪ ರಿಪೇರಿಗೆ ಮತ್ತೆ ವಂತಿಗೆ ಕೇಳುತ್ತಿದ್ದಾರೆ. ಕೊಡುತ್ತೇನೆ, ಆದರೆ ಸುಣ್ಣದಲ್ಲೇ ಆಗಬೇಕು, ಈ ಸಲ ತಾರೀಕು ಕೊನೆಗೆ ನೋಡುವ ಅಂತ ನಿನ್ನೆ ರಾತ್ರಿ ಸಮಿತಿಯ ವಾಟ್ಸ್ಆಪ್ ಗ್ರೂಪಿನಲ್ಲಿ ಹಾಕಿದೆ. ಎಲ್ಲರೂ ಓದಿದ್ದಾರೆ. ಒಬ್ಬರು ಮಾತ್ರ ಕೈ ಮುಗಿದ ಚಿತ್ರ ಕಳಿಸಿದ್ದಾರೆ, ಹೂಂ ಅಂತಲೋ ಸಾಕು ಅಂತಲೋ ತಿಳಿಯಲಿಲ್ಲ.