ಸೇವೆ ನಿಲ್ಲಿಸುವ ಸೇವೆ

ಆಸ್ಪತ್ರೆ ತೆರೆಯುವುದು ಏನು ಮಹಾ? ಒಂದು ಟೇಪು, ಒಂದು ಕತ್ತರಿ, ಒಬ್ಬ ಮಂತ್ರಿ ಇದ್ದರೆ ಆಯಿತು. ಮುಚ್ಚುವುದಕ್ಕೆ ಮಾತ್ರ ಪರಿಣತರೇ ಬೇಕು. ಈಗ ಅದಕ್ಕೂ ತರಬೇತಿ ಇದೆ, ಹೆಸರೂ ಇದೆ: ಇರುವ ಆರೋಗ್ಯ ಸೇವೆಗಳ ಯಶಸ್ವಿ ಹಿಂಪಡೆಯುವಿಕೆ. 'ಯಶಸ್ವಿ' ಅಂದರೆ ಹಲ್ಲು ಕಿತ್ತವರಿಗೆ ನೋವಾಗಲಿಲ್ಲ ಅಂತ.

ಹೆರಿಗೆ ವಾರ್ಡನ್ನೇ ತಗೊಳ್ಳಿ. ಬೀಗ ಹಾಕಲು ಹೋದರೆ ಜನ ಬೀದಿಗೆ ಬರುತ್ತಾರೆ. ಹಾಗಾಗಿ ಬೀಗ ಮುಟ್ಟಲೇಬೇಡಿ. ಅರಿವಳಿಕೆ ವೈದ್ಯರು ನಿವೃತ್ತಿಯಾಗುತ್ತಾರೆ ಅಲ್ವಾ, ಆ ಹುದ್ದೆ ಖಾಲಿ ಬಿಡಿ, ಅಷ್ಟೇ. ಅರಿವಳಿಕೆ ಇಲ್ಲದೆ ಸಿಸೇರಿಯನ್ ಇಲ್ಲ, ಸಿಸೇರಿಯನ್ ಇಲ್ಲ ಅಂದ ಮೇಲೆ ಬಸುರಿಯರು ಅಲ್ಲಿಗ್ಯಾಕೆ ಬರುತ್ತಾರೆ, ಬೇರೆ ಕಡೆ ಹೋಗುತ್ತಾರೆ. ಎರಡು ವರ್ಷ ಬಿಟ್ಟು ಲೆಕ್ಕ ಹಾಕಿ. ಅಯ್ಯೋ, ಹೆರಿಗೆಗಳೇ ಇಲ್ಲ! ಹೆರಿಗೆ ಕಡಿಮೆ ಇದ್ದರೆ ಸಿಬ್ಬಂದಿಯ ಕೈ ಪಳಗುವುದಿಲ್ಲ, ತಾಯಂದಿರ ಸುರಕ್ಷತೆಗಾಗಿ ವಾರ್ಡ್ ನಿಲ್ಲಿಸಲೇಬೇಕು. ನೋಡಿ, ಯಾರೂ ಮುಚ್ಚಲಿಲ್ಲ, ಅದೇ ಮುಚ್ಚಿಕೊಂಡಿತು. ಕಡತದಲ್ಲಿ ಇದರ ಹೆಸರು 'ವಿಲೀನ'.

ಆಮೇಲೆ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. ಆಯ್ಕೆ ಮೂರು: ಈಗಲೇ ನಿಲ್ಲಿಸೋಣವೇ, ಮುಂದಿನ ವರ್ಷವೇ, ಹಂತ ಹಂತವಾಗಿಯೇ? ನಾಲ್ಕನೆಯದನ್ನು ಬರೆಯಲು ಜಾಗ ಸಾಲುವುದಿಲ್ಲ.

ನಿಜವಾಗಿ ನಿಲ್ಲಿಸಬೇಕಾದವೂ ಇದ್ದವು. ಸವೆದ ಮೊಣಕಾಲಿಗೆ ನಳಿಕೆ ತೂರಿಸಿ ಒಳಗೆ ತೊಳೆಯುವ ಆಪರೇಷನ್ ಒಂದಿತ್ತು. ಅಮೆರಿಕದ ಹ್ಯೂಸ್ಟನ್‌ನಲ್ಲಿ 180 ರೋಗಿಗಳ ಮೇಲೆ ಪರೀಕ್ಷೆ ಮಾಡಿದರು. ಕೆಲವರಿಗೆ ನಿಜವಾದ ಆಪರೇಷನ್, ಉಳಿದವರಿಗೆ ಸುಮ್ನೆ ಚರ್ಮ ಕುಯ್ದು ಹೊಲಿಗೆ. ನೋವು ಇಬ್ಬರಿಗೂ ಒಂದೇ! 2002ರಲ್ಲಿ ಇದು ಪ್ರಕಟವಾಯಿತು, ಆದರೂ ಆ ಆಪರೇಷನ್ ವರ್ಷಗಟ್ಟಲೆ ನಡೆಯಿತು. ಪಾಪ, ಅದಕ್ಕೆ ಯಂತ್ರ ಇತ್ತು, ಬಿಲ್ ಇತ್ತು. ಹೆರಿಗೆ ವಾರ್ಡಿಗೆ ಬಸುರಿಯರು ಬಿಟ್ಟರೆ ಯಾರಿದ್ದರು?

ಒಮ್ಮೊಮ್ಮೆ ಯಶಸ್ಸು ಕೈಕೊಡುತ್ತದೆ. ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್‌ನಲ್ಲಿ 2000ದಲ್ಲಿ ಆಸ್ಪತ್ರೆಯ ತುರ್ತು ವಿಭಾಗ ಮುಚ್ಚಿದರು. ಅಲ್ಲೇ ಕೆಲಸ ಮಾಡಿ ನಿವೃತ್ತರಾಗಿದ್ದ ವೈದ್ಯ ರಿಚರ್ಡ್ ಟೇಲರ್ 2001ರ ಚುನಾವಣೆಗೆ ಪಕ್ಷೇತರರಾಗಿ ನಿಂತು, 17,000ಕ್ಕೂ ಜಾಸ್ತಿ ಮತಗಳ ಅಂತರದಲ್ಲಿ ಆಡಳಿತ ಪಕ್ಷದ ಸಂಸದರನ್ನೇ ಮನೆಗೆ ಕಳಿಸಿದರು. 2005ರಲ್ಲಿ ಮತ್ತೆ ಗೆದ್ದರು. ಮುಚ್ಚುವವರು ಇದನ್ನು ದಪ್ಪಕ್ಷರದಲ್ಲಿ ಬರೆದಿಟ್ಟುಕೊಳ್ಳಬೇಕು: ಚುನಾವಣೆಗೆ ಒಂದು ವರ್ಷವೂ ಇಲ್ಲದಿದ್ದಾಗ ಬೀಗ ಹಾಕಬೇಡಿ.